ರಷ್ಯಾ ಕಳೆದುಕೊಂಡ ಹದಿಮೂರು ದಿನ

1999ರಲ್ಲಿ ನಾನು ದುಬೈಯ ರಾಸ್ ಅಲ್ ಖೋರ್ ಕೈಗಾರಿಕಾ ಪ್ರದೇಶದ ಒಂದು ಮುದ್ರಣಾಲಯದಲ್ಲಿ ಪ್ರೂಫ್ ರೀಡರ್ ಆಗಿದ್ದೆ. ಅಚ್ಚಿಗೆ ಹೋಗುವ ಮೊದಲು ಕರಡನ್ನು ಓದಿ, ತಪ್ಪು ತಿದ್ದಿ, ಕೊನೆಯಲ್ಲಿ ಸಹಿ ಹಾಕುವುದು ನನ್ನ ಕೆಲಸ. ಅದಕ್ಕೂ ಮೊದಲು ಪುತ್ತೂರಿನ ಒಂದು ಹೈಸ್ಕೂಲಿನಲ್ಲಿ ಒಂಬತ್ತು ವರ್ಷ ಚರಿತ್ರೆ ಕಲಿಸಿದ್ದೆ. ಮದುವೆಯಾದ ಮೇಲೆ ಗಂಡನ ವೀಸಾದಲ್ಲಿ ಇಲ್ಲಿಗೆ ಬಂದವಳು ಮನೆಯಲ್ಲಿ ಕೂರಲಾರದೆ ಈ ಕೆಲಸ ಹಿಡಿದಿದ್ದೆ. ಸುತ್ತ ಎಲ್ಲ ಕಾರು ರಿಪೇರಿಯ ಗ್ಯಾರೇಜುಗಳು. ನಮ್ಮ ಶೆಡ್ಡಿನೊಳಗೆ ಮಾತ್ರ ಮಸಿ ಮತ್ತು ಹೊಸ ಕಾಗದದ ವಾಸನೆ.

ಆ ವರ್ಷ ಎಲ್ಲರಿಗೂ ಶತಮಾನ ಮುಗಿಯುವ ಸಂಭ್ರಮ. ಅಬುಧಾಬಿಯ ಒಂದು ಕಚೇರಿ ತನ್ನ ಅತಿಥಿಗಳಿಗೆ ಉಡುಗೊರೆ ಕೊಡಲು ದೊಡ್ಡ ಅಳತೆಯ ಇಂಗ್ಲಿಷ್ ಪುಸ್ತಕವೊಂದನ್ನು ನಮ್ಮಲ್ಲಿ ಅಚ್ಚು ಹಾಕಿಸುತ್ತಿತ್ತು. ಇಪ್ಪತ್ತನೆಯ ಶತಮಾನದಿಂದ ಕೆಲವು ತಿಂಗಳುಗಳನ್ನು ಆರಿಸಿ, ಒಂದೊಂದು ತಿಂಗಳಿಗೆ ಎದುರುಬದುರಾದ ಎರಡು ಪುಟ ಕೊಟ್ಟಿದ್ದರು. ದಿನಕ್ಕೊಂದು ಚೌಕ, ಚೌಕದಲ್ಲಿ ಆ ದಿನ ಜಗತ್ತಿನಲ್ಲಿ ನಡೆದ ಒಂದು ಸಂಗತಿ. ಬರೆದವರು ಲಂಡನ್ನಿನ ಒಬ್ಬ ಲೇಖಕರು. ಅಬುಧಾಬಿಯಲ್ಲಿ ಅದರ ಹೊಣೆ ಹೊತ್ತವರು ಮೈಥಾ ಎಂಬ ಎಮಿರಾತಿ ಮಹಿಳೆ. ಫೋನಿನಲ್ಲಿ ಮಾತ್ರ ಪರಿಚಯ. ಮಾತು ಕಡಿಮೆ, ಕೇಳುವ ಪ್ರಶ್ನೆ ಮಾತ್ರ ಚೂಪು.

ಅಕ್ಟೋಬರಿನ ಒಂದು ಭಾನುವಾರ. ದುಬೈಯಲ್ಲಿ ಆಗ ಶುಕ್ರವಾರ ರಜೆ, ಭಾನುವಾರ ಮಾಮೂಲಿ ಕೆಲಸದ ದಿನ. ಬೆಳಗ್ಗೆ ಹತ್ತೂವರೆಗೆ ಹದಿನಾರು ಪುಟಗಳ ಒಂದು ಫಾರ್ಮ್ ಮೆಷಿನ್ ಏರಿತ್ತು. ಫಾರ್ಮ್ ಅಂದರೆ ಒಂದೇ ದೊಡ್ಡ ಹಾಳೆಯ ಎರಡೂ ಬದಿಗೆ ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು. ಮೆಷಿನ್ ಹಮೀದಣ್ಣನ ಕೈಯಲ್ಲಿತ್ತು. ಬಂಟ್ವಾಳದ ಕಡೆಯ ಬ್ಯಾರಿ, ಇಪ್ಪತ್ತೆರಡು ವರ್ಷ ಗಲ್ಫಿನಲ್ಲಿ ಅಚ್ಚಿನ ಕೆಲಸ ಮಾಡಿದವರು, ಮುಹೈಸ್ನಾದ ಕಂಪನಿ ವಸತಿಯಲ್ಲಿ ವಾಸ. ನಾನು ಹಿಂದೆ ಟೀಚರ್ ಆಗಿದ್ದೆನೆಂದು ತಿಳಿದ ದಿನದಿಂದ ಅವರಿಗೆ ನಾನು ಟೀಚರೇ.

ಬಣ್ಣ ಸರಿಹೊಂದಿದ ಮೊದಲ ಹಾಳೆಯನ್ನು ಅವರು ನನ್ನ ಮೇಜಿಗೆ ತಂದು ಹರವಿದರು. "ಟೀಚರೇ, ಕಪ್ಪು ಹೇಗೆ ಕೂತಿದೆ ನೋಡಿ!" ಎಂದರು. ನಿಜಕ್ಕೂ ಚೆನ್ನಾಗಿ ಕೂತಿತ್ತು. ಸರಿ ಎಂದೆ, ಅವರು ಹೋಗಿ ಮೆಷಿನ್ ಓಡಿಸಿದರು. ನಾನು ನೋಡಬೇಕಾದದ್ದು ಅಚ್ಚನ್ನು ಮಾತ್ರ, ಓದಿನ ಕೆಲಸ ಮೂರು ದಿನದ ಹಿಂದೆಯೇ ಮುಗಿದು ನನ್ನ ಸಹಿ ಬಿದ್ದಿತ್ತು. ಆದರೂ ಅಭ್ಯಾಸಬಲ, ಕಣ್ಣು ಸಾಲಿನ ಮೇಲೆ ಹರಿಯಿತು.

ಪುಟ 1918ರ ಫೆಬ್ರವರಿಯದು. ಆರನೆಯ ತಾರೀಕಿನ ಚೌಕದಲ್ಲಿ ಬ್ರಿಟನ್ನಿನ ಮೂವತ್ತು ದಾಟಿದ ಹೆಂಗಸರಿಗೆ ಮತದ ಹಕ್ಕು ಸಿಕ್ಕಿದ ಸುದ್ದಿ. ಹದಿನಾರಕ್ಕೆ ಲಿಥುವೇನಿಯಾ ಸ್ವತಂತ್ರ, ಇಪ್ಪತ್ತನಾಲ್ಕಕ್ಕೆ ಎಸ್ಟೋನಿಯಾ ಸ್ವತಂತ್ರ. ಮೊದಲ ತಾರೀಕಿನ ಚೌಕದಲ್ಲಿ ಹೀಗಿತ್ತು: ರಷ್ಯಾ ಇಂದು ತನ್ನ ಹಳೆಯ ಕ್ಯಾಲೆಂಡರ್ ಬಿಟ್ಟಿತು, ಈ ಬೆಳಗಿನಿಂದ ಅಲ್ಲಿಯೂ ಯುರೋಪಿನ ತಾರೀಕೇ.

ನನ್ನ ಬೆರಳು ಅಲ್ಲೇ ನಿಂತಿತು. ಹತ್ತನೇ ತರಗತಿಗೆ ಪ್ರತಿ ವರ್ಷ ಒಂದು ಪಾಠ ಮಾಡುತ್ತಿದ್ದೆ: ಅಕ್ಟೋಬರ್ ಕ್ರಾಂತಿ ನಮ್ಮ ಲೆಕ್ಕಕ್ಕೆ ನವೆಂಬರಿನಲ್ಲಿ ನಡೆದದ್ದು ಯಾಕೆ? ರಷ್ಯಾದ ಹಳೆಯ ಕ್ಯಾಲೆಂಡರ್ ಉಳಿದ ಜಗತ್ತಿಗಿಂತ ಹದಿಮೂರು ದಿನ ಹಿಂದಿತ್ತು. ಆ ಅಂತರ ಮುಚ್ಚಲು ಅವರು ಹದಿಮೂರು ದಿನಗಳನ್ನೇ ಹಾರಿಸಿಬಿಟ್ಟರು. ಅವರಿಗೆ ಫೆಬ್ರವರಿ ಒಂದು ಆಗಬೇಕಿದ್ದ ದಿನ ಜಗತ್ತಿಗೆ ಫೆಬ್ರವರಿ ಹದಿನಾಲ್ಕು. ಲೇಖಕರು 'ಫೆಬ್ರವರಿ ಒಂದು' ಎಂದು ಎಲ್ಲೋ ಓದಿ ಅದನ್ನು ಹಾಗೇ ಮೊದಲ ಚೌಕಕ್ಕೆ ಹಾಕಿದ್ದರು. ಆ ದಿನ ರಷ್ಯಾದ ಗೋಡೆಗಳ ಮೇಲೆ ಇನ್ನೂ ಜನವರಿ ಹತ್ತೊಂಬತ್ತು ಇತ್ತು. ದಿನಗಳ ಬಗ್ಗೆಯೇ ಬರೆದ ಪುಸ್ತಕದಲ್ಲಿ ದಿನವೇ ತಪ್ಪಿತ್ತು, ಮತ್ತು ಅದನ್ನು ಸರಿ ಎಂದು ಸಹಿ ಹಾಕಿದವಳು ನಾನು.

ಓಡಿಹೋಗಿ ಹೇಳಿದೆ, "ಹಮೀದಣ್ಣ, ಮೆಷಿನ್ ನಿಲ್ಲಿಸಿ."

"ಎಂತ ಆಯ್ತು ಟೀಚರೇ? ಬಣ್ಣವಾ?"

"ಅಲ್ಲ, ತಾರೀಕು ತಪ್ಪಿದೆ."

ಅವರು ನನ್ನ ಮುಖ ನೋಡಿದರು. ಮ್ಯಾನೇಜರನ ಮಾತಿಲ್ಲದೆ ಮೆಷಿನ್ ನಿಲ್ಲಿಸುವ ಅಧಿಕಾರ ಅವರಿಗಿರಲಿಲ್ಲ. ಕೆಲಸ ಹೋದರೆ ನನಗೆ ಗಂಡನ ವೀಸಾ ಇತ್ತು. ಅವರ ವೀಸಾ ಕಂಪನಿಯದು, ಕೆಲಸ ಹೋದರೆ ಊರಿಗೇ ಟಿಕೆಟ್. "ನನ್ನ ಪಾಸ್‌ಪೋರ್ಟಿನಲ್ಲಿರುವ ಹುಟ್ಟಿದ ದಿನವನ್ನೇ ಶಾಲೆಯ ಮಾಸ್ಟ್ರು ಅಂದಾಜಿಗೆ ಬರೆದದ್ದು ಮಾರಾಯ್ರೆ, ತಾರೀಕು ತಪ್ಪಿದರೆ ಯಾರಿಗೆ ಗೊತ್ತಾಗ್ತದೆ?" ಎಂದರು. ಹಾಗೆನ್ನುತ್ತಲೇ ಕೆಂಪು ಗುಂಡಿ ಒತ್ತಿದರು. ಶೆಡ್ಡು ಒಮ್ಮೆಲೇ ಮೌನವಾಯಿತು. ಅಷ್ಟರಲ್ಲಿ ನಾನೂರು ಹಾಳೆ ಓಡಿತ್ತು.

ಆ ಮೌನ ಕೇಳಿಯೇ ಮ್ಯಾನೇಜರ್ ನಬೀಲ್ ಗಾಜಿನ ಕೋಣೆಯಿಂದ ಹೊರಗೆ ಬಂದ. ಲೆಬನಾನಿನವನು, ಮುಂಗೋಪಿ, ಆದರೆ ಕೆಲಸ ಬಲ್ಲವನು. ನಾನು ಹೇಳಿದ್ದನ್ನು ಕೇಳಿ ಕರಡಿನ ಫೈಲ್ ತರಿಸಿ, ನನ್ನ ಸಹಿಯ ಮೇಲೆ ಬೆರಳಿಟ್ಟ.

"ಇದು ಯಾರದು?"

"ನನ್ನದೇ. ತಪ್ಪು ನನ್ನದು. ಹಮೀದಣ್ಣನದು ಏನೂ ಇಲ್ಲ."

"ಲಂಡನ್ನಿನ ಲೇಖಕನಿಗಿಂತ ನಿನಗೆ ಹೆಚ್ಚು ಗೊತ್ತೋ?"

"ಈ ಒಂದು ವಿಷಯದಲ್ಲಿ ಗೊತ್ತು ಸರ್."

ಅವನು ಗಡಿಯಾರ ನೋಡಿದ. "ಎರಡು ಗಂಟೆ ಕೊಡುತ್ತೇನೆ. ಆಧಾರ ತೋರಿಸು. ಇಲ್ಲದಿದ್ದರೆ ಖಲಾಸ್, ಮೆಷಿನ್ ಓಡುತ್ತದೆ" ಎಂದು ಒಳಗೆ ಹೋದ.

ಲಂಡನ್ನಿಗೆ ಫೋನ್ ಮಾಡಿದೆ. ಅಲ್ಲಿ ಭಾನುವಾರದ ರಜೆ, ಫೋನು ಸುಮ್ಮನೆ ಬಡಿದುಕೊಂಡಿತು. ನಮ್ಮ ಕಚೇರಿಯಲ್ಲಿ ಇಂಟರ್ನೆಟ್ ಇದ್ದದ್ದು ನಬೀಲನ ಕೋಣೆಯಲ್ಲಿ ಮಾತ್ರ, ಅದೂ ಆ ದಿನ ಕೆಟ್ಟು ಕೂತಿತ್ತು. ನನ್ನ ಪಾಠದ ಟಿಪ್ಪಣಿಗಳು ಪುತ್ತೂರಿನಲ್ಲಿದ್ದವು. ಅರ್ಧ ಗಂಟೆ ಕಳೆಯಿತು. ನನ್ನ ನೆನಪೇ ತಪ್ಪಿದ್ದರೆ ಎಂಬ ಅನುಮಾನವೂ ಬಾರದಿರಲಿಲ್ಲ.

ದಾರಿ ತೋರಿಸಿದವರು ಹಮೀದಣ್ಣ. "ರಷ್ಯಾದ ವಿಷಯ ರಷ್ಯಾದವರನ್ನೇ ಕೇಳಿ ಅಲ್ವಾ? ಆ ಲೇಬಲಿನ ಅಮ್ಮ ಇದ್ದಾರಲ್ಲ" ಎಂದರು.

ಆ ಕಾಲದಲ್ಲಿ ದುಬೈಯ ಹಳೆಯ ಪೇಟೆ ದೇರಾದ ಬೀದಿಗಳ ತುಂಬ ಸಾಮಾನು ಕೊಳ್ಳಲು ಬಂದ ರಷ್ಯನ್ನರು. ಅವರ ಸಾಮಾನು ಸಾಗಿಸುವ ಒಂದು ಕಾರ್ಗೋ ಕಚೇರಿಗೆ ನಾವು ರಷ್ಯನ್ ಭಾಷೆಯ ಲೇಬಲ್ ಅಚ್ಚು ಹಾಕುತ್ತಿದ್ದೆವು. ಅಕ್ಷರ ತಪ್ಪಿದೆಯೇ ಎಂದು ನೋಡಲು ತಿಂಗಳಿಗೊಮ್ಮೆ ಬರುತ್ತಿದ್ದವಳು ಗಲೀನಾ. ವೋಲ್ಗಾ ತೀರದ ಊರೊಂದರಲ್ಲಿ ಶಾಲಾ ಟೀಚರ್ ಆಗಿದ್ದು, ದೇಶ ಒಡೆದ ಮೇಲೆ ಇಲ್ಲಿಗೆ ಬಂದು ಕೌಂಟರಿನಲ್ಲಿ ಪೆಟ್ಟಿಗೆ ತೂಗುತ್ತಿದ್ದವಳು.

ಫೋನಿನಲ್ಲಿ ಪ್ರಶ್ನೆ ಕೇಳಿದ ಕೂಡಲೇ ಆಕೆ ನಕ್ಕಳು. ತನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದಳು: "ನಮ್ಮ ಅಜ್ಜಿ ಹುಟ್ಟಿದ್ದು ಫೆಬ್ರವರಿ ಏಳಕ್ಕೆ. ಆ ವರ್ಷ ಅವಳಿಗೆ ಹತ್ತು ತುಂಬಬೇಕಿತ್ತು. ಜನವರಿ ಮೂವತ್ತೊಂದಕ್ಕೆ ಮಲಗಿ ಎದ್ದರೆ ಫೆಬ್ರವರಿ ಹದಿನಾಲ್ಕು. ಏಳು ಬರಲೇ ಇಲ್ಲ. ನನ್ನ ಹುಟ್ಟುಹಬ್ಬ ಕದ್ದರು ಅಂತ ಸಾಯುವವರೆಗೂ ಹೇಳುತ್ತಿದ್ದಳು."

"ಅಜ್ಜಿಯ ಮಾತು ನನಗೆ ಸಾಕು, ಮ್ಯಾನೇಜರನಿಗೆ ಸಾಲದು. ಪುಸ್ತಕವೇನಾದರೂ ಇದೆಯಾ?"

"ಮಗಳ ಚರಿತ್ರೆ ಪುಸ್ತಕ ಇದೆ. ತರುತ್ತೇನೆ."

ಮುಕ್ಕಾಲು ಗಂಟೆಯಲ್ಲಿ ಟ್ಯಾಕ್ಸಿ ಇಳಿದಳು. ನಬೀಲನ ಮೇಜಿನ ಮೇಲೆ ಪುಸ್ತಕ ಬಿಚ್ಚಿ, ಒಂದು ಸಾಲಿನ ಕೆಳಗೆ ಉಗುರೆಳೆದು, ಕ್ಲಾಸಿನಲ್ಲಿ ನಿಂತವಳಂತೆ ಪದ ಪದ ಬಿಡಿಸಿ ಅರ್ಥ ಹೇಳಿದಳು. ಭಾಷೆ ತಿಳಿಯದಿದ್ದರೂ 31, 14 ಎಂಬ ಅಂಕಿಗಳು ನಮಗೆಲ್ಲ ಕಾಣುತ್ತಿದ್ದವು. ನಬೀಲ್ ಕೂಡಲೇ ಅಬುಧಾಬಿಗೆ ಫೋನ್ ಮಾಡಿದ. ಎರಡು ನಿಮಿಷ ಅರಬ್ಬಿಯಲ್ಲಿ ಮಾತಾಡಿ ರಿಸೀವರನ್ನು ನನಗೆ ಕೊಟ್ಟ.

ಮೈಥಾ ಇಂಗ್ಲಿಷಿನಲ್ಲಿ ನೇರವಾಗಿ ಕೇಳಿದರು, "ಮೂರು ದಿನದ ಹಿಂದೆ ನೀವೇ ಸಹಿ ಹಾಕಿದ್ದಿರಿ. ಇವತ್ತಿನ ಮಾತನ್ನು ನಾನು ಯಾಕೆ ನಂಬಬೇಕು?"

"ಮೇಡಂ, ಅವತ್ತು ನಾನು ಅಕ್ಷರ ಮಾತ್ರ ಓದಿದ್ದೆ. ಇವತ್ತು ವಿಷಯ ಓದಿದೆ."

ಮೈಥಾ, "ತಿದ್ದಿದ ಸಾಲು ಬರೆದು ಫ್ಯಾಕ್ಸ್ ಮಾಡಿ. ಲೇಖಕರಿಗೆ ನಾನು ಉತ್ತರ ಹೇಳುತ್ತೇನೆ" ಎಂದರು.

ತಿದ್ದುವುದೂ ಸುಲಭವಿರಲಿಲ್ಲ. ಸಂಗತಿಯನ್ನು ಹದಿನಾಲ್ಕನೆಯ ಚೌಕಕ್ಕೆ ಒಯ್ದರೆ ಮೊದಲ ಚೌಕ ಖಾಲಿ. ಅಲ್ಲಿಗೆ ಇನ್ನೊಂದು ಘಟನೆ ಹುಡುಕಿ ಮತ್ತೆ ತಪ್ಪು ಮಾಡುವ ಧೈರ್ಯ ನನಗಿರಲಿಲ್ಲ. ಯೋಚಿಸಿ ಬರೆದೆ: 'ಜಗತ್ತಿನ ಬಹುಭಾಗದಲ್ಲಿ ಇಂದು ಫೆಬ್ರವರಿ ಒಂದು, ರಷ್ಯಾದಲ್ಲಿ ಇನ್ನೂ ಜನವರಿ ಹತ್ತೊಂಬತ್ತು.' ಹದಿನಾಲ್ಕರಲ್ಲಿದ್ದ ಸಂಗತಿ ತೆಗೆದು ಅಲ್ಲಿಗೆ: 'ರಷ್ಯಾದಲ್ಲಿ ಜನವರಿ ಮೂವತ್ತೊಂದರ ಮರುದಿನ.' ಹತ್ತು ನಿಮಿಷದಲ್ಲಿ ಮೈಥಾರ ಸಹಿಯೊಂದಿಗೆ ಫ್ಯಾಕ್ಸ್ ಮರಳಿ ಬಂತು. ಅಂಚಿನಲ್ಲಿ ಒಂದೇ ಪದ: 'ಸುಂದರ'.

ಬಣ್ಣದ ಅಚ್ಚಿಗೆ ನಾಲ್ಕು ಪ್ಲೇಟು ಬೇಕು. ಅಕ್ಷರಗಳೆಲ್ಲ ಕಪ್ಪು ಪ್ಲೇಟಿನಲ್ಲಿ ಇದ್ದುದರಿಂದ ಅದೊಂದನ್ನು ಹೊಸದಾಗಿ ಮಾಡಿದರೆ ಸಾಕಾಗಿತ್ತು. ಮೂರು ಗಂಟೆಯ ಹೊತ್ತಿಗೆ ಹಮೀದಣ್ಣ ಹೊಸ ಪ್ಲೇಟು ಏರಿಸಿ, ಮೊದಲ ಹಾಳೆ ಎಳೆದು ನನ್ನ ಮುಂದಿಟ್ಟರು. ಈ ಸಲ ನಾನು ಹದಿನಾರೂ ಪುಟ ಓದಿದೆ. ನಬೀಲ್ ಪಕ್ಕದಲ್ಲೇ ನಿಂತಿದ್ದ, ಅವಸರ ಮಾಡಲಿಲ್ಲ. ನಾನು ತಲೆಯಾಡಿಸಿದ ಮೇಲೆ, "ಯಲ್ಲಾ ಹಮೀದ್, ಓಡಿಸು" ಎಂದ. ಮೆಷಿನ್ ನಿಲ್ಲಿಸಿದ್ದಕ್ಕೆ ಆಮೇಲೆ ಅವರನ್ನು ಯಾರೂ ಒಂದು ಮಾತೂ ಕೇಳಲಿಲ್ಲ.

ಮರುದಿನ ಲಂಡನ್ನಿನಿಂದ ಲೇಖಕರ ಪತ್ರ ಫ್ಯಾಕ್ಸಿನಲ್ಲಿ ಬಂತು. ತಪ್ಪು ಒಪ್ಪಿಕೊಂಡು, ಇಂಥ ಓದುಗರು ಇನ್ನೂ ಇದ್ದಾರೆಯೇ ಎಂದು ಆಶ್ಚರ್ಯಪಟ್ಟಿದ್ದರು. ಪುಸ್ತಕದ ಕೊನೆಯ ಫಾರ್ಮ್ ಇನ್ನೂ ಅಚ್ಚಾಗಿರಲಿಲ್ಲ. ಕೃತಜ್ಞತೆಯ ಪುಟಕ್ಕೆ ನನ್ನ ಹೆಸರು ಸೇರಿಸುವಂತೆ ಮೈಥಾ ಹೇಳಿ ಕಳಿಸಿದರು. ಮೂರು ಹೆಸರಾದರೆ ಸರಿ ಎಂದೆ. ಒಪ್ಪಿದರು.

ಡಿಸೆಂಬರಿನಲ್ಲಿ ಊರಿಗೆ ಹೊರಟ ಹಮೀದಣ್ಣ ತಮ್ಮ ಪಾಲಿನ ಪ್ರತಿಯನ್ನು ಟವೆಲಿನಲ್ಲಿ ಸುತ್ತಿ ಕೈಚೀಲದಲ್ಲೇ ಒಯ್ದರು. "ಇಷ್ಟು ವರ್ಷ ಲಕ್ಷ ಲಕ್ಷ ಹೆಸರು ಅಚ್ಚು ಹಾಕಿದ್ದೇನೆ ಟೀಚರೇ, ನನ್ನದು ಇದೇ ಮೊದಲು" ಎಂದರು. ಗಲೀನಾ ತನ್ನ ಹೆಸರಿನ ಸಾಲನ್ನು ಕತ್ತರಿಸಿ ವೋಲ್ಗಾ ತೀರದ ತಾಯಿಗೆ ಕಳಿಸಿದಳಂತೆ. ನನ್ನ ಪ್ರತಿ ಇವತ್ತಿಗೂ ಮನೆಯ ಕಪಾಟಿನ ಎದುರು ಸಾಲಿನಲ್ಲಿದೆ. ಬಂದವರಿಗೆ ನಾನೇ ತೆಗೆದು ತೋರಿಸುತ್ತೇನೆ, ಅದರಲ್ಲಿ ನನಗೆ ಸಂಕೋಚವಿಲ್ಲ.

ಆಮೇಲೆ ಹನ್ನೊಂದು ವರ್ಷ ಅದೇ ಕೆಲಸ ಮಾಡಿದೆ. ನನ್ನ ಕೈಕೆಳಗೆ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದೆ: ತಪ್ಪು ಕಂಡಾಗ ಅದಕ್ಕೆ ಸಹಿ ಹಾಕಿದವರು ಯಾರೆಂದು ನೋಡಬೇಡಿ. ಆ ಸಹಿ ನಿಮ್ಮದೇ ಆಗಿದ್ದರಂತೂ ಇನ್ನೂ ಬೇಗ ಕೂಗಿ.