ಡಬ್ಬಿಯ ಮೇಲಿನ ಬಳ್ಳಿ

ಕಲಬುರಗಿಯಿಂದ ನಾಸಿಕ್‌ಗೆ ವರ್ಗವಾಗಿ ಬಂದ ಬ್ಯಾಂಕಿನವರ ಹೆಂಡತಿ ರೂಪಾ ಇಲ್ಲದೆ ಕಾಲೋನಿಯಲ್ಲಿ ಯಾವ ಮಗುವಿನ ಹುಟ್ಟುಹಬ್ಬವೂ ನಡೆಯದು. ಕಡ್ಡಿ ಚುಚ್ಚಿದರೆ ಯಾವ ತಿಂಡಿಯಾದರೂ ಪಾರ್ಟಿಗೆ ಒಗ್ಗುತ್ತದೆಂದು ಅವಳ ನಂಬಿಕೆ. ಇಡ್ಲಿ ತುಂಡು, ಆಲೂಗಡ್ಡೆ ಮುಗಿದರೆ ಗಂಡನನ್ನೂ ಚುಚ್ಚಿ ಚಟ್ನಿಯ ಪಕ್ಕ ನಿಲ್ಲಿಸಿಯಾಳು. ಹಳೆಯ ಲಗ್ನಪತ್ರಿಕೆ ಕಂಡರೆ "ತಡೀರಿ, ಒಗಿಬ್ಯಾಡ್ರಿ" ಎಂದು ಇಸಿದುಕೊಂಡು, ಮಡಚಿ ಉಡುಗೊರೆಯ ಡಬ್ಬಿ ಮಾಡಿ, ರಿಬ್ಬನ್ ಕಟ್ಟಿ, ಮುಚ್ಚಳದ ಮೇಲೆ ಮಗುವಿನ ಹೆಸರನ್ನು ಬಂಗಾರದ ಬಣ್ಣದಲ್ಲಿ ದುಂಡನೆಯ ಕನ್ನಡದಲ್ಲಿ ಬರೆಯುತ್ತಾಳೆ. ಮರಾಠಿ ನೆರೆಯವರು ಅದನ್ನು ಬಳ್ಳಿಯ ಚಿತ್ರವೆಂದುಕೊಂಡು "ಕಿತೀ ಛಾನ್", ಎಷ್ಟು ಚೆಂದ, ಎಂದರೆ ನಕ್ಕು ಮುಂದಿನ ಡಬ್ಬಿ ಎತ್ತಿಕೊಳ್ಳುತ್ತಾಳೆ. ಸ್ವಂತ ಮಗಳು ಮಧುರಾಳಿಗೆ ಕನ್ನಡ ಅಕ್ಷರ ಕಲಿಸುವುದನ್ನು ಮಾತ್ರ ಪ್ರತಿವರ್ಷ ಬೇಸಿಗೆ ರಜೆಗೆ ಮುಂದೂಡುತ್ತಾಳೆ. ಈ ಸಲ ಹುಟ್ಟುಹಬ್ಬ ಮಧುರಾಳದ್ದೇ. ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ ಮಗಳು ಕೇಳಿದಳು: "ಮಮ್ಮಿ, ಡಿಝೈನ್ ಮಸ್ತ ಅದ. ನನ್ನ ಹೆಸರು ಬರಿಯೂದು ಮರ್ತಿ ಏನು?"