ಬಣ್ಣ ಬಳಿಯದ ಕೀಲು

ಟ್ರೈಲರಿನ ಹಿಂಬಾಗಿಲು ಗುತ್ತಿಗೆದಾರರದು, ಅದು ಕಳಚಿ ಬಿದ್ದಾಗ ನುಜ್ಜಾದ ಪಾದ ಕಲ್ಲು ಇಳಿಸುವ ಹೆಂಗಸಿನದು. ಗುತ್ತಿಗೆದಾರರಿಗೆ ಒಂದು ದಿನದ ಕೆಲಸ ಕೆಟ್ಟಿತು. ಮನೆ ಕಟ್ಟಿಸುತ್ತಿದ್ದವರಿಗೆ ತಳಪಾಯ ತುಸು ತಡವಾಯಿತು. ಆಕೆಗೆ ಮಾತ್ರ ಜೀವಮಾನದ ನಡಿಗೆಯೇ ಕೆಟ್ಟಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಇಂಥದ್ದನ್ನು ಆಕಸ್ಮಿಕವೆಂದು ಕರೆದು ಕೈತೊಳೆದುಕೊಳ್ಳುವವರು ಅಂದೂ ಇದ್ದರು, ಇಂದೂ ಇದ್ದಾರೆ.

ಕಳೆದ ಆಯುಧಪೂಜೆಯ ಹಿಂದಿನ ದಿನ ಬನಶಂಕರಿಯ ಅಡ್ಡರಸ್ತೆಯೊಂದರಲ್ಲಿ ನಡೆದು ಬರುತ್ತಿದ್ದೆ. ಸರಕು ಸಾಗಿಸುವ ಟ್ರೈಲರುಗಳನ್ನು ಸಾಲಾಗಿ ನಿಲ್ಲಿಸಿ ಬಣ್ಣ ಹೊಡೆಯುತ್ತಿದ್ದರು. ಎನಾಮಲ್ಲು, ಟರ್ಪೆಂಟೈನುಗಳ ಘಾಟು ಮೂಗಿಗೆ ಬಡಿಯಿತು. ಒಬ್ಬಾತ ಹಿಂಬಾಗಿಲ ಹಲಗೆ, ಕೊಂಡಿ, ಕೀಲು ಎಲ್ಲಕ್ಕೂ ಒಂದೇ ಬೀಸಿನಲ್ಲಿ ಕೆಂಪು ಎಳೆಯುತ್ತಿದ್ದ. ಕೀಲಿನ ಸಂದಿಯೊಳಗೆ ಬಣ್ಣ ಇಳಿದು ತುಂಬಿಕೊಳ್ಳುವುದನ್ನು ನೋಡುತ್ತ ನಿಂತುಬಿಟ್ಟೆ. ಹಿಂದಿನಿಂದ ಯಾರೋ ಗದರಿಸಿದಂತಾಯಿತು... ‘ಏ, ಕೀಲು ಬಿಡಪ್ಪ!’ ತಿರುಗಿ ನೋಡಿದರೆ ಯಾರೂ ಇರಲಿಲ್ಲ. ಹಾಗೆ ಗದರಿಸಬಲ್ಲವರು ತೀರಿಹೋಗಿ ಎಷ್ಟೋ ಕಾಲವಾಗಿದೆ.

ಅವರನ್ನು ಬೀದಿಯವರೆಲ್ಲ ಷೆಡ್ಡಿನಮ್ಮ ಎನ್ನುತ್ತಿದ್ದರು. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಕುಟುಂಬ ಬಸವನಗುಡಿಯ ಬಾಡಿಗೆ ಮನೆ ಬಿಟ್ಟು ಜಯನಗರದ ಅಂಚಿನ ಹೊಸ ಮನೆಗೆ ಬಂದಿತ್ತು. ನಾನು ಪ್ರಾಥಮಿಕ ಶಾಲೆಯೊಂದರಲ್ಲಿ ಆಗತಾನೆ ಉಪಾಧ್ಯಾಯಿನಿಯಾಗಿದ್ದೆ. ನಮ್ಮ ಹಿತ್ತಲಿನ ಆಚೆಗೆ ಹೊಂಗೆಮರ, ಅದರ ಕೆಳಗೆ ಅವರ ತಗಡಿನ ಷೆಡ್ಡು. ಅವರದು ಅಲ್ಲಿನ ಹಳೆಯ ಹಳ್ಳಿಯ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಹೊಲವನ್ನು ಬಡಾವಣೆಗೆಂದು ತೆಗೆದುಕೊಂಡು, ನೆಲದ ಬೆಲೆಗೆ ಸಾಟಿಯಾಗದ ಹಣವನ್ನು ಪರಿಹಾರವೆಂದು ಕೊಟ್ಟಿದ್ದರು. ಹೊಲ ಕಳೆದುಕೊಂಡವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಗಂಡ ತೀರಿಹೋಗಿದ್ದರು. ಆ ಹಣದಲ್ಲಿ ಷೆಡ್ಡಿನಮ್ಮ ಒಂದು ಟ್ರಾಕ್ಟರು, ಎರಡು ಟ್ರೈಲರು ಕೊಂಡು ಗುತ್ತಿಗೆದಾರರಿಗೆ ಕಲ್ಲು, ಮರಳು ಸಾಗಿಸತೊಡಗಿದರು.

“ನಮ್ ಹೊಲಕ್ಕೆ ನಾನೇ ಕಲ್ಲು ಹೊತ್ ಹಾಕ್ತಾ ಇವ್ನಿ ನೋಡಮ್ಮಿ,” ಎಂದು ನಗುತ್ತಿದ್ದರು. ಆ ನಗೆಯ ಅಡಿಯಲ್ಲಿದ್ದದ್ದು ನಗೆಯಲ್ಲವೆಂದು ನನಗೆ ತಿಳಿಯುತ್ತಿತ್ತು.

ಟ್ರಾಕ್ಟರು ಓಡಿಸಲು ಡ್ರೈವರ್ ಇದ್ದ. ಟ್ರೈಲರುಗಳ ಉಸ್ತುವಾರಿಯನ್ನು ಮಾತ್ರ ಷೆಡ್ಡಿನಮ್ಮ ಯಾರಿಗೂ ಬಿಡುತ್ತಿರಲಿಲ್ಲ. ಬೆಳಿಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಯಲ್ಲಿ ಎಲೆಅಡಿಕೆ ತುಂಬಿಕೊಂಡು ಬರುತ್ತಿದ್ದರು. ತಳದ ಹಲಗೆಗಳ ಮೇಲೆ ಸುತ್ತಿಗೆಯಿಂದ ತಟ್ಟುತ್ತ ಹೋಗುವರು. ಸದ್ದು ಮಂಕಾದ ಕಡೆ ಸೀಮೆಸುಣ್ಣದ ಗುರುತು. ಆಮೇಲೆ ಒಂದಿಷ್ಟು ಮರಳು ಚೆಲ್ಲಿ, ಕೆಳಗೆ ಬಗ್ಗಿ, ಎಲ್ಲಿ ಸೋರುತ್ತದೆಂದು ನೋಡುವರು. ರಸ್ತೆಗೆ ಸೋರಿದ ಮರಳಿನಲ್ಲಿ ಸೈಕಲ್ಲು ಜಾರಿ ಬೀಳುವವನು ಟ್ರೈಲರಿನವನಲ್ಲ, ಕಚೇರಿಗೆ ಹೊರಟ ಗುಮಾಸ್ತ. ಇದು ಅವರಿಗೆ ಗೊತ್ತಿತ್ತು. ಬೇರೆ ಯಾವ ಟ್ರೈಲರಿನ ಒಡೆಯರಿಗೂ ಇದು ಗೊತ್ತಿರಲಿಲ್ಲವೆಂದಲ್ಲ. ಅವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಬಯಸಲಿಲ್ಲ.

ಕೊನೆಗೆ ಹಿಂಬಾಗಿಲು. ಅದಕ್ಕೆ ಕೆಳಗಡೆ ಕೀಲುಗಳು, ಮೇಲ್ಗಡೆ ಎರಡು ಬದಿಗೆ ಕೊಂಡಿಗಳು. ಕೊಂಡಿ ಬಿಚ್ಚಿದರೆ ಬಾಗಿಲು ಕೀಲಿನ ಮೇಲೆ ತಿರುಗಿ ಕೆಳಕ್ಕೆ ಜೋತುಬೀಳಬೇಕು. ಕೀಲು ಸೋತಿದ್ದರೆ ಬಾಗಿಲು ಜೋತುಬೀಳುವುದಿಲ್ಲ, ಬಿದ್ದೇ ಹೋಗುತ್ತದೆ. ಅದರ ಬೆನ್ನಿಗೆ ಕಲ್ಲೂ ಉರುಳುತ್ತದೆ. ಷೆಡ್ಡಿನಮ್ಮ ಬದಿಯಲ್ಲಿ ನಿಂತು ಕೊಂಡಿ ತೆಗೆಸಿ, ಬಾಗಿಲು ಇಳಿದ ಮೇಲೆ ಪ್ರತಿಯೊಂದು ಕೀಲನ್ನೂ ಬೆರಳಿನಿಂದ ಸವರಿ ನೋಡುತ್ತಿದ್ದರು. ಎತ್ತಿನ ಗಾಡಿಯ ಕಾಲದಿಂದ ಮನೆಯಲ್ಲಿದ್ದ ಕೀಲೆಣ್ಣೆಯನ್ನೇ ಅವಕ್ಕೂ ಹಾಕುತ್ತಿದ್ದರು.

ಆಯುಧಪೂಜೆ ಬಂತೆಂದರೆ ಸುತ್ತಲಿನ ಷೆಡ್ಡುಗಳಲ್ಲೆಲ್ಲ ಬಣ್ಣದ ಸಂಭ್ರಮ. ಸವೆದ ಕೀಲು, ಬಿರಿದ ಬೆಸುಗೆ, ಕೊಳೆತ ಹಲಗೆ ಎಲ್ಲವೂ ಒಂದೇ ದಿನದಲ್ಲಿ ಹೊಸದಾಗುತ್ತಿದ್ದವು. ಬಣ್ಣ ಒಣಗಿದ ಮೇಲೆ ಕುಂಕುಮ, ಚೆಂಡುಹೂವಿನ ಹಾರ, ಬೂದುಗುಂಬಳ. ಪೂಜೆಯಾದ ಗಾಡಿಯನ್ನು ಮತ್ತೆ ಪರೀಕ್ಷಿಸುವುದು ದೇವರನ್ನೇ ಅನುಮಾನಿಸಿದಂತೆ ಎಂಬ ಭಾವನೆ ಜನರಲ್ಲಿತ್ತು. ಷೆಡ್ಡಿನಮ್ಮನೂ ಬಣ್ಣ ಹೊಡೆಸುತ್ತಿದ್ದರು, ಪೂಜೆಯನ್ನೂ ಭಕ್ತಿಯಿಂದ ಮಾಡುತ್ತಿದ್ದರು. ಆದರೆ ಕೀಲು, ಕೊಂಡಿ, ಬೆಸುಗೆಗಳಿಗೆ ಬಣ್ಣ ತಾಗಿಸಲು ಬಿಡುತ್ತಿರಲಿಲ್ಲ. ಕುಂಕುಮವನ್ನು ಬರಿಯ ಕಬ್ಬಿಣಕ್ಕೇ ಇಡುತ್ತಿದ್ದರು. ಅವರ ಟ್ರೈಲರುಗಳು ಅಲ್ಲಲ್ಲಿ ಕಪ್ಪಾಗಿ ಕಾಣುತ್ತಿದ್ದವು. ‘ಷೆಡ್ಡಿನಮ್ಮನ ಬೋಳು ಗಾಡಿ’ ಎಂದು ಜನ ಆಡಿಕೊಳ್ಳುತ್ತಿದ್ದರು.

ಅಂಥ ಒಂದು ವಿಜಯದಶಮಿಯ ಮರುದಿನ. ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಗುತ್ತಿಗೆದಾರರ ಸ್ವಂತ ಟ್ರೈಲರು ಕಲ್ಲು ತಂದಿತ್ತು. ಹಾರ ಇನ್ನೂ ಬಾಡಿರಲಿಲ್ಲ. ಕಲ್ಲು ಇಳಿಸುವ ಹೆಂಗಸರನ್ನು ತಲೆಯ ಮೇಲಿನ ಸಿಂಬೆ ಸಮೇತ ಬಾಗಿಲ ಹಿಂದೆಯೇ ನಿಲ್ಲಿಸಿದ್ದವನು ಮೇಸ್ತ್ರಿ, ತಡವಾಗಬಾರದಲ್ಲ! ಕೊಂಡಿ ಬಿಚ್ಚಿದ ಕ್ಷಣ ಕೀಲು ತುಂಡಾಗಿ ಬಾಗಿಲು ಇಡಿಯಾಗಿ ಕಳಚಿತು. ಮುಂದೆ ನಿಂತಿದ್ದ ಹೆಂಗಸಿನ ಪಾದ ಅದರ ಅಡಿಗೆ ಸಿಕ್ಕಿತು. ಆ ಕೂಗು ಕೇಳಿ ನಾನು ಓಡಿಹೋದಾಗ ಅವಳನ್ನು ಜಟಕಾದಲ್ಲಿ ಮಲಗಿಸುತ್ತಿದ್ದರು. ಅವಳು ಅಳುತ್ತಿರಲಿಲ್ಲ. “ಗುಡಿಸಲು ಕಿತ್ತಾಕ್ಬಿಡ್ತಾರಾ ಅಕ್ಕಾ?” ಎಂದು ಕೇಳಿದಳು. ಕಟ್ಟಡದ ಪಕ್ಕದ ಗುಡಿಸಲು ಕೆಲಸಕ್ಕೆ ಬರುವವರಿಗೆ ಮಾತ್ರ. ಕೆಲಸವಿಲ್ಲದ ದಿನವೇ ಸೂರೂ ಇಲ್ಲ.

ಮೇಸ್ತ್ರಿ ಆಗಲೇ ತೀರ್ಪು ಕೊಟ್ಟಾಗಿತ್ತು. “ಅವಳ್ದೇ ತಪ್ಪು ಕಣ್ರೀ. ಗಾಡಿ ನೋಡಿ, ಮೊನ್ನೆ ತಾನೆ ಬಣ್ಣ ಹೊಡ್ಸಿ ಪೂಜೆ ಮಾಡಿದೀವಿ. ಹೊಸ್ದಿದ್ದಂಗಿದೆ.” ತಪ್ಪು ಅವಳದೆಂದಾದರೆ ಆಸ್ಪತ್ರೆಯ ಖರ್ಚೂ ಇಲ್ಲ, ಗುಡಿಸಲೂ ಇಲ್ಲ.

ಅಷ್ಟರಲ್ಲಿ ಅದೇ ಗುತ್ತಿಗೆದಾರರಿಗೆ ಮರಳು ತಂದಿದ್ದ ಷೆಡ್ಡಿನಮ್ಮ ಗುಂಪನ್ನು ಸರಿಸಿಕೊಂಡು ಬಂದರು. ಮೇಸ್ತ್ರಿ ತುಂಡಾದ ಕೀಲನ್ನು ಗುಜರಿ ರಾಶಿಗೆ ಎಸೆಯಲು ಹೇಳುತ್ತಿದ್ದ. ಅವರು ಅದನ್ನು ಕಸಿದುಕೊಂಡರು.

“ಏನಮ್ಮಾ, ನಿಮ್ ಬೋಳು ಗಾಡಿಗೆ ಕೀಲು ಬೇಕಿತ್ತಾ?” ಎಂದು ಮೇಸ್ತ್ರಿ ಅಣಕಿಸಿದ.

“ನನ್ ಗಾಡಿ ಬೋಳಪ್ಪ, ಆದ್ರೆ ಬಾಗ್ಲು ಅದ್ರ ಮೈಮೇಲೇ ಅದೆ. ನಿನ್ನ ಮದ್ವಣಗಿತ್ತಿ ಬಾಗ್ಲು ಎಲ್ಲೋ?”

ಯಾರೋ ಕಿಸಕ್ಕೆಂದರು. ಷೆಡ್ಡಿನಮ್ಮ ನಗಲಿಲ್ಲ. ಎಲೆಅಡಿಕೆ ಚೀಲದಿಂದ ಅಡಕತ್ತರಿ ತೆಗೆದು ಕೀಲಿನ ಮೇಲಿನ ಕೆಂಪು ಬಣ್ಣವನ್ನು ಕೆರೆದರು. ಮುರಿದ ಅಂಚನ್ನು ಬಿಸಿಲಿಗೆ ಹಿಡಿದು ನನ್ನನ್ನು ಹತ್ತಿರ ಕರೆದರು. ಅಂಚಿನ ಬಹುಭಾಗ ಕಂದಾಗಿ ತುಕ್ಕು ಹಿಡಿದಿತ್ತು. ಉಳಿದ ಚೂರು ಮಾತ್ರ ಹೊಸದಾಗಿ ಬೆಳ್ಳಗೆ ಹೊಳೆಯುತ್ತಿತ್ತು.

“ಈ ತುಕ್ಕಿಡ್ದಿರೋದು ಹಳೇ ಬಿರುಕು. ಬೆಳ್ಳಗಿರೋದು ಇವತ್ತು ಮುರಿದದ್ದು. ಬಣ್ಣ ಹೊಡ್ಯೋ ಮುಂಚೆನೇ ಇದು ಸತ್ತಿತ್ತು. ನೀನು ಒಂದು ಅರ್ಜಿ ಬರ್ಕೊಡು ಅಮ್ಮಿ. ನಿನ್ ಮಾತು ಆ ಗುತ್ತಿಗೆದಾರ್ರ ಭಾಷೇಲದೆ. ಕಬ್ಬಿಣ ನಾನ್ ತರ್ತೀನಿ.”

ಆಸ್ಪತ್ರೆಯ ಖರ್ಚು, ಗುಡಿಸಲು ಎರಡನ್ನೂ ಕೇಳಿ ಮನವಿ ಬರೆದೆ. ನಾನು ಓದಿದ ಶಾಲೆಯಲ್ಲಿ ಅನ್ಯಾಯವನ್ನು ಹೆಸರಿಟ್ಟು ಕರೆಯಲು ಕಲಿಸಿದ್ದರು. ಆದರೆ ಅದನ್ನು ಕೈಯಲ್ಲಿ ಹಿಡಿದು ತೋರಿಸಬಹುದೆಂದು ನಾನು ಕಂಡದ್ದು ಅಂದೇ. ಬೀದಿಯ ಮನೆಮನೆಗೂ ಮನವಿಯನ್ನು ಒಯ್ದೆ. ‘ಕೆಲಸ ನಿಂತೀತು’ ಎಂದು ಸಹಿ ಹಾಕದ ಸುಶಿಕ್ಷಿತರೂ ಇದ್ದರು. ಅದೂ ಒಂದು ಅನ್ಯಾಯವೇ. ಸಂಜೆ ಇಬ್ಬರೂ ಗುತ್ತಿಗೆದಾರರ ಮನೆಗೆ ಹೋದೆವು. ಅವರು ಮನವಿಯನ್ನು ಓದಿದರು, ಕೀಲನ್ನು ನೋಡಿದರು. ಆಮೇಲೆ ಮೆತ್ತಗೆ ಹೇಳಿದರು: “ನಾಳೆಯಿಂದ ಮರಳು ತರ್ಬೇಕೋ ಬೇಡ್ವೋ, ನೀವೇ ಯೋಚ್ನೆ ಮಾಡಿ ಅಮ್ಮಾ.”

“ಮರಳು ನಾಳೆ ಮಾತು ಸ್ವಾಮಿ. ಕಾಲು ಇವತ್ತಿಂದು.”

ಕೀಲನ್ನು ಮೇಜಿನ ಮೇಲೆಯೇ ಬಿಟ್ಟುಹೋಗಲು ಅವರು ಹೇಳಿದಾಗ ಷೆಡ್ಡಿನಮ್ಮ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. “ಆಯಮ್ಮ ಎದ್ದು ನಡ್ಯೋಗಂಟ ಇದು ನನ್ ತಾವೇ ಇರ್ತದೆ.”

ಆ ಗಂಟೇ ಕೆಲಸ ಮಾಡಿತು. ಅದನ್ನು ಅವರು ಯಾವ ಕಚೇರಿಗೆ ಒಯ್ದಾರೋ ಎಂಬ ಅಳುಕಿನಿಂದ ಗುತ್ತಿಗೆದಾರರು ಆಸ್ಪತ್ರೆಯ ಖರ್ಚು ಕೊಟ್ಟರು; ಗುಡಿಸಲನ್ನೂ ಕೀಳಿಸಲಿಲ್ಲ. ಆದರೆ ಕುಂಟಿದ ಕಾಲಿಗೆ, ಮುಂದೆಂದೂ ಹೊರಲಾಗದ ಹೊರೆಗಳಿಗೆ ಪರಿಹಾರ ಸಿಗಲಿಲ್ಲ. ಕೇಳಲು ನಮಗೆ ದಾರಿಯೂ ತಿಳಿದಿರಲಿಲ್ಲ, ತಿಳಿಸಬೇಕಾದವರು ತಿಳಿಸಲೂ ಇಲ್ಲ. ಷೆಡ್ಡಿನಮ್ಮನ ಮರಳಿನ ಕೆಲಸ ಆ ವಾರವೇ ನಿಂತಿತು. ಅವರು ಒಂದು ಟ್ರೈಲರನ್ನು ಮಾರಿದರು. ಉಳಿದ ಒಂದರ ಕೀಲುಗಳಿಗೆ ಎಣ್ಣೆ ಹಾಕುವ, ಕೂತು ಮಾಡುವ ಕೆಲಸವನ್ನು ಆ ಕಾಲು ಮುರಿದ ಹೆಂಗಸಿಗೇ ಕೊಟ್ಟರು. ನಾನು ಹಿತ್ತಲಲ್ಲಿ ಬಟ್ಟೆ ಒಣಗಹಾಕುವಾಗ ಇಬ್ಬರೂ ಜಗಳವಾಡುವುದು ಕೇಳುತ್ತಿತ್ತು: “ಎಣ್ಣೆ ಅಂದ್ರೆ ಅಭ್ಯಂಜನ ಅಲ್ಲ ಕಣೇ, ಒಸಿ ಹಾಕು!”... “ನಿಮ್ ಗಾಡಿಗಾದ್ರೂ ಅಭ್ಯಂಜನ ಆಗ್ಲಿ ಬಿಡಿ ಅಮ್ಮೋ.”

ನಮ್ಮ ಸುತ್ತ ಮನೆಗಳೆದ್ದಂತೆ ಷೆಡ್ಡು ದಕ್ಷಿಣಕ್ಕೆ ಸರಿಯಿತು, ಕನಕಪುರ ರಸ್ತೆಯ ಆಚೆ, ಅಂಜನಾಪುರದ ಕಡೆಗೆ. ಬಿಡುವಾದಾಗ ಹೋಗಿ ಬರುತ್ತಿದ್ದೆ. ಹೋದಾಗಲೆಲ್ಲ ಉಪ್ಸಾರು, ಮುದ್ದೆ. ಜೊತೆಗೆ ಕೆಲಸಗಾರರ ಪರವಾಗಿ ನಾನು ತೊಡಗಿದ್ದ ಹೋರಾಟಗಳ ವಿಚಾರಣೆ. ಆಮೇಲೆ ನನಗೆ ಬೇರೆ ಊರಿಗೆ ವರ್ಗವಾಯಿತು... ಅವರು ಇಲ್ಲವೆಂಬ ಸುದ್ದಿ ತಲುಪುವಾಗ ಕರ್ಮಾಂತರಗಳೂ ಮುಗಿದಿದ್ದವು.

ಬಳಿಕ ಎಷ್ಟೋ ಕಾರ್ಖಾನೆಗಳ ಬಾಗಿಲಲ್ಲಿ, ಎಷ್ಟೋ ಆಸ್ಪತ್ರೆಗಳ ಮೊಗಸಾಲೆಯಲ್ಲಿ ಕೆಲಸಗಾರರ ಪರವಾಗಿ ನಿಂತಿದ್ದೇನೆ. ‘ಮುರಿದದ್ದು ಎಲ್ಲಿದೆ?’ ಎಂಬುದೇ ನನ್ನ ಮೊದಲ ಪ್ರಶ್ನೆ. ಆ ಪ್ರಶ್ನೆಯನ್ನು ಕೊಟ್ಟವರು ಅವರು. ಅದರಿಂದ ಕೆಲವರಿಗೆ ನ್ಯಾಯ ದೊರೆತಿದೆ. ಅವರ ಪರವಾಗಿಯೂ ನಾನು ಷೆಡ್ಡಿನಮ್ಮನಿಗೆ ಕೃತಜ್ಞಳು. ಹೊಂಗೆಮರವಿದ್ದ ಕಡೆ ಈಗ ಮೂರು ಅಂತಸ್ತಿನ ಮನೆಯಿದೆ. ಆ ಬೀದಿಯಲ್ಲಿ ಅವರನ್ನು ಕಂಡವರು ನನ್ನ ಹೊರತು ಯಾರೂ ಉಳಿದಿಲ್ಲ.

ಟ್ರೈಲರುಗಳ ಒಡೆಯರೇ, ಗುತ್ತಿಗೆದಾರರೇ, ವಾಹನ ಯೋಗ್ಯವಾಗಿದೆಯೆಂದು ಸಹಿ ಹಾಕುವ ಅಧಿಕಾರಿಗಳೇ, ನಿಮ್ಮಲ್ಲಿ ನನ್ನದು ಒಂದೇ ಒತ್ತಾಯ. ಬಾಗಿಲು ಕಳಚಿ ಒಬ್ಬ ಕೆಲಸಗಾರ ಗಾಯಗೊಂಡ ದಿನವೇ, ಮುರಿದ ಕೀಲನ್ನೋ ಕೊಂಡಿಯನ್ನೋ ಗುಜರಿಗೆ ಹಾಕದೆ, ಹೊಸ ಬಣ್ಣ ಬಳಿಯದೆ, ಸಾಕ್ಷಿಗಳ ಎದುರು ಮೊಹರು ಮಾಡಿ ಕೆಲಸಗಾರರ ಪ್ರತಿನಿಧಿಯ ವಶಕ್ಕೆ ಒಪ್ಪಿಸಿ. ಗಾಯಗೊಂಡವರ ಚಿಕಿತ್ಸೆ ಮುಗಿದು ಪರಿಹಾರ ಕೈಸೇರುವ ತನಕ ಅದನ್ನು ಮರಳಿ ಕೇಳಬೇಡಿ.