ಗಡಿಯಾಚೆಯಿಂದ ಬಂದ ಬಾದಾಮಿ

ನಾನು ಚಿಕ್ಕವಳಿದ್ದಾಗ ಕಾಪುವಿನ ನಮ್ಮ ಮನೆಯ ಜಗಲಿಯಲ್ಲಿ ಯಾವಾಗಲೂ ಹೊಗೆಸೊಪ್ಪಿನ ಘಾಟು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು, ಅಮ್ಮ, ನೆರೆಮನೆಯ ಅಕ್ಕ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದೆವು. ಮಕ್ಕಳೇ, ಆ ಮನೆಯಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಇವತ್ತು ನಿಮಗೆ ಹೇಳುತ್ತೇನೆ.

ಅಣ್ಣ ಸೈನ್ಯದಲ್ಲಿದ್ದ. ಪಾಕಿಸ್ತಾನದ ಜೊತೆಗಿನ ಯುದ್ಧ ನಿಂತು ವರ್ಷವಾಗುತ್ತ ಬಂದಿದ್ದರೂ ಗಡಿಯಲ್ಲಿ ಎರಡೂ ಕಡೆಯವರು ಎದುರುಬದುರು ಕಾವಲು ಕೂತೇ ಇದ್ದರು. ಆ ದೀಪಾವಳಿ ಕಳೆದ ಮೇಲೆ ಅಣ್ಣನಿಗೆ ರಜೆ ಸಿಕ್ಕಿತು. ಒಂದು ಮಧ್ಯಾಹ್ನ ಕಬ್ಬಿಣದ ಟ್ರಂಕು ಹೊತ್ತು ಅಂಗಳಕ್ಕೆ ಬಂದ. ಅಮ್ಮ ಅಳುತ್ತಲೇ ಬಂಗುಡೆ ಮೀನಿನ ಸಾರು ಕುದಿಸಿದಳು.

ಊಟವಾದ ಮೇಲೆ ಅಣ್ಣ ಅಲ್ಲಿಯ ಕಥೆ ಹೇಳಿದ. ಅಮ್ಮ ಡಬ್ಬಿಯಲ್ಲಿ ತುಂಬಿ, ಬಟ್ಟೆ ಹೊಲಿದು ಪಾರ್ಸೆಲ್ ಮಾಡಿದ್ದ ಎಳ್ಳುಂಡೆಯನ್ನು ದೀಪಾವಳಿಯ ದಿನ ಅಣ್ಣನ ಕಡೆಯವರು ಬಿಳಿ ಬಟ್ಟೆ ಬೀಸುತ್ತ ನಡುವಿನ ಬಯಲಿಗೆ ಹೋಗಿ ಆಚೆಯವರಿಗೆ ಕೊಟ್ಟರಂತೆ. ಕೆಲವೇ ದಿನಗಳಲ್ಲಿ ಅವರ ಈದ್. ಅವರೂ ಹಾಗೆಯೇ ಬಂದು ತಿಂಡಿ ಹಂಚಿದರಂತೆ. ಬಂದೂಕು ಪಕ್ಕಕ್ಕಿಟ್ಟು ಎಲ್ಲರೂ ಒಟ್ಟಿಗೆ ಚಹಾ ಕುಡಿದರಂತೆ. ಅವರಲ್ಲಿ ಅಣ್ಣನ ವಯಸ್ಸಿನವನೊಬ್ಬ, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದನಂತೆ.

ಅಣ್ಣ ಟ್ರಂಕಿನಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ನನ್ನ ಕೈಗಿಟ್ಟ. "ಅವನಿಗೂ ನಿನ್ನಷ್ಟೇ ದೊಡ್ಡ ತಂಗಿ ಉಂಟಂತೆ. ಇದು ನಿನಗೇ ಅಂತ ಕೊಟ್ಟದ್ದು. ಹೇಗಿತ್ತು ಅಂತ ಹೋಗಿ ಹೇಳ್ತೇನೆ ಅಂತ ಅವನಿಗೆ ಮಾತು ಕೊಟ್ಟಿದ್ದೇನೆ. ತಿಂದು ಹೇಳು, ಆಯ್ತಾ?"

ಒಳಗೆ ಬಾದಾಮಿ ಇತ್ತು. ನಾನು ಅದುವರೆಗೆ ಬಾದಾಮಿ ನೋಡಿಯೇ ಇರಲಿಲ್ಲ. ಮೇಲೆಲ್ಲ ಬೆಳ್ಳಗೆ ಪುಡಿ ಅಂಟಿತ್ತು. ಅಣ್ಣ ಸಮುದ್ರದ ಕಡೆ ಹೋದದ್ದೇ ತಡ, ನೆರೆಮನೆಯ ಅಕ್ಕ ಬಗ್ಗಿ ನೋಡಿದಳು.

"ತಿನ್ನಬೇಡ ಮಾರಾಯ್ತಿ! ಶತ್ರು ಕೊಟ್ಟದ್ದಲ್ವಾ? ಎಂತ ಮದ್ದು ಹಾಕಿದ್ದಾರೋ!"

"ಅಣ್ಣ ತಿಂದಿದ್ದಾನಲ್ಲ?"

"ಅವ ಮಿಲಿಟರಿಯವ. ಗುಂಡು ತಿಂದರೂ ಅರಗಿಸಿಕೊಳ್ತಾನೆ. ನೀನು ಹಿಡಿಕಡ್ಡಿಯ ಹಾಗೆ ಇದ್ದಿ."

ಆಗ ನಮ್ಮಲ್ಲಿ ಮದ್ದಿನ ಹೆದರಿಕೆ ಬಹಳ. ಆಗದವರು ತಿಂಡಿಯಲ್ಲಿ ಮದ್ದು ಬೆರೆಸಿ ಕೊಟ್ಟರೆ ಅದು ಹೊಟ್ಟೆಯಲ್ಲೇ ಕೂತು ವರ್ಷಗಟ್ಟಲೆ ಕೊರೆಯುತ್ತದೆ ಎಂದು ನಂಬಿದ್ದೆವು. ನಾನು ಮೆಲ್ಲಗೆ ಎದ್ದು ಹೋಗಿ ಅಷ್ಟನ್ನೂ ಬಚ್ಚಲ ಒಲೆಗೆ ಸುರಿದೆ. ಚಟಪಟ ಸಿಡಿದು, ಗೇರುಬೀಜ ಸುಟ್ಟಂಥ ಪರಿಮಳ ಬಂತು. ನನ್ನ ಬಾಯಲ್ಲಿ ನೀರೂರಿತು.

ಸಂಜೆ ಅಣ್ಣ ನಗುತ್ತ ಬಂದು, "ತಿಂದ್ಯಾ? ಹೇಗಿತ್ತು?" ಎಂದ.

"ತಿಂದೆ ಅಣ್ಣ. ಸಕ್ಕರೆಯ ಹಾಗೆ ಸಿಹಿ."

ಅಣ್ಣನ ನಗು ನಿಂತಿತು. ತನ್ನ ಪಾಲಿನದ್ದರಲ್ಲಿ ಉಳಿದಿದ್ದ ನಾಲ್ಕು ಬಾದಾಮಿಯನ್ನು ಅಪ್ಪನ ಕೈಗೆ ಹಾಕಿದ. ಅಪ್ಪ ಅಗಿಯುತ್ತ, "ಉಪ್ಪು ಸಮಾ ಹಾಕಿ ಹುರಿದಿದ್ದಾರೆ ಮಾರಾಯ!" ಎಂದರು.

ನನ್ನ ಕೈಯಲ್ಲಿದ್ದ ಬೀಡಿ ಬಿಚ್ಚಿಹೋಯಿತು. ಅಣ್ಣ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಪಕ್ಕದಲ್ಲಿ ಕೂತು, "ಅವನಿಗೆ ನಾನು ಎಂತ ಹೇಳಲಿ ತಂಗಿ?" ಎಂದು ಕೇಳಿದ. ನಾನು ಬಿಚ್ಚಿದ ಬೀಡಿಯನ್ನೇ ಮತ್ತೆ ಸುತ್ತತೊಡಗಿದೆ. ರಜೆ ಮುಗಿಯುವವರೆಗೂ ಅವನು ಮತ್ತೆ ಕೇಳಲಿಲ್ಲ. ಅಲ್ಲಿ ಹೋಗಿ ಏನು ಹೇಳಿದನೆಂದು ನಾನೂ ಕೇಳಲಿಲ್ಲ. ಈಗ ಕೇಳೋಣವೆಂದರೆ ಅಣ್ಣನೇ ಇಲ್ಲ.

ನೀವು ಮಣಿಪಾಲದ ಶಾಲೆಯಲ್ಲಿ ಎಲ್ಲೆಲ್ಲಿಂದಲೋ ಬಂದ ಮಕ್ಕಳ ಬುತ್ತಿಗೆ ಕೈಹಾಕುತ್ತೀರಿ. ಮನೆಗೆ ಬಂದು, "ಅಜ್ಜಿ, ಅದು ಹುಳಿ, ಇದು ಖಾರ, ಒಂದಂತೂ ಉಗುಳಿಯೇ ಬಿಟ್ಟೆ" ಎಂದು ನಗುತ್ತೀರಿ. ನಾವು ಗುರುತಿಲ್ಲದ ಕೈಯ ತಿಂಡಿಗೆ ಹೆದರುವುದನ್ನೇ ಕಲಿತವರು. ಹೆದರಿದ್ದಕ್ಕೆ ನನಗೆ ಅಷ್ಟು ಬೇಸರವಿಲ್ಲ. "ಹೆದರಿಕೆಯಾಯಿತು ಅಣ್ಣ, ಒಲೆಗೆ ಹಾಕಿಬಿಟ್ಟೆ" ಎಂದು ಆವತ್ತೇ ಹೇಳಿದ್ದರೆ ಅಣ್ಣ ತಲೆಗೊಂದು ಮೊಟಕಿ ನಕ್ಕುಬಿಡುತ್ತಿದ್ದ. ಅವನ ಬಾಯಿಂದ ಕೇಳಿ, ಗಡಿಯಾಚೆಯ ಆ ಹುಡುಗನೂ ನಗುತ್ತಿದ್ದನೋ ಏನೋ.